ಕರಾವಳಿಯ ಬೇಸಗೆ, ಒಳನಾಡಿನ ಬೇಸಗೆ: ಋತು ಮುನ್ನೋಟವನ್ನು ಓದುವ ಬಗೆ

ಫೆಬ್ರುವರಿ ತಿಂಗಳು ಮುಗಿಯುತ್ತಲೇ ಭಾರತೀಯ ಹವಾಮಾನ ಇಲಾಖೆಯು ಮುಂಬರುವ ಮೂರು ತಿಂಗಳ ಬೇಸಗೆಯನ್ನು ಕುರಿತು ಒಂದು ಮುನ್ನೋಟವನ್ನು ಪ್ರಕಟಿಸುತ್ತದೆ. ಮಾರ್ಚ್ ತಿಂಗಳ ಕೊನೆಗೆ, ಏಪ್ರಿಲಿನಿಂದ ಜೂನ್‌ವರೆಗಿನ ಅವಧಿಗಾಗಿ, ಅದನ್ನು ಪರಿಷ್ಕರಿಸುತ್ತದೆ. 2016ರಿಂದ ನಡೆದುಬಂದಿರುವ ಈ ಪದ್ಧತಿ ಈಗ ಜನರಿಗೆ ಪರಿಚಿತವಾಗಿದೆ. ಈ ಸಲ ಬಿಸಿಲು ಹೆಚ್ಚು ಎಂಬ ಒಂದೇ ಮಾತಿನಲ್ಲಿ ಅದರ ಸಾರವನ್ನು ಹೇಳಿ ಮುಗಿಸುವುದು ವೃತ್ತಪತ್ರಿಕೆಗಳ ವಾಡಿಕೆ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲಸಿರುವ ಕನ್ನಡಿಗರಿಗೆ ಈ ಮಾತು ಕೇವಲ ಸುದ್ದಿಯಾಗಿ ಉಳಿಯುವುದಿಲ್ಲ. ಶಾಲೆಯ ರಜೆ, ಮದುವೆ ಮುಂಜಿ, ಊರ ಜಾತ್ರೆ, ದೈವದ ನೇಮ ಇವೆಲ್ಲ ಏಪ್ರಿಲ್ ಮೇ ತಿಂಗಳುಗಳಲ್ಲಿಯೇ ಕೂಡಿಬರುವುದರಿಂದ ಊರಿಗೆ ಹೋಗುವ ಕಾಲವೂ ಅದೇ. ಊರಿನಲ್ಲಿ ಉಳಿದಿರುವ ವೃದ್ಧ ತಂದೆತಾಯಿಗಳ ಚಿಂತೆ ಬೇರೆ. ಉಡುಪಿಯ ಮನೆತನದವರೂ ವಿಜಯಪುರದ ಮನೆತನದವರೂ ಒಂದೇ ಪತ್ರಿಕೆಯಲ್ಲಿ ಅದೇ ಸುದ್ದಿಯನ್ನು ಓದುತ್ತಾರೆ. ಆದರೆ ಅದರ ಅರ್ಥ ಇಬ್ಬರಿಗೂ ಒಂದಾಗಿರುವುದಿಲ್ಲ. ಈ ಭೇದವನ್ನು ತಿಳಿಯದೆ ಮುನ್ನೋಟವನ್ನು ಓದಿದರೆ, ಎಲ್ಲಿ ಎಚ್ಚರವಿರಬೇಕೋ ಅಲ್ಲಿಯೇ ಉದಾಸೀನವುಂಟಾಗುವ ಸಂಭವವಿದೆ.

ಹವಾಮಾನ ಇಲಾಖೆಯು ಭಾರತವನ್ನು 36 ಹವಾಮಾನ ಉಪವಿಭಾಗಗಳನ್ನಾಗಿ ವಿಂಗಡಿಸಿದೆ. ಅವುಗಳಲ್ಲಿ ಮೂರು ಕರ್ನಾಟಕಕ್ಕೆ ಸೇರಿದವು: ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳನ್ನೊಳಗೊಂಡ ಕರಾವಳಿ, ಬೆಳಗಾವಿಯಿಂದ ಬೀದರಿನವರೆಗೆ ಹಬ್ಬಿರುವ ಉತ್ತರ ಒಳನಾಡು, ಮೈಸೂರು, ಬೆಂಗಳೂರು, ಚಿತ್ರದುರ್ಗ, ಕೊಡಗು ಮೊದಲಾದವು ಸೇರಿರುವ ದಕ್ಷಿಣ ಒಳನಾಡು. ಒಂದೇ ರಾಜ್ಯದಲ್ಲಿ ಮೂರು ಬೇಸಗೆಗಳಿವೆ ಎಂದರೆ ತಪ್ಪಾಗಲಾರದು. ಮಂಗಳೂರಿನಲ್ಲಿ ಏಪ್ರಿಲ್ ತಿಂಗಳ ಹಗಲಿನ ಗರಿಷ್ಠ ಉಷ್ಣತೆ ಸರಾಸರಿಯಲ್ಲಿ ಸುಮಾರು 34 ಡಿಗ್ರಿ ಸೆಲ್ಸಿಯಸ್. ಬೆಂಗಳೂರಿನಲ್ಲಿಯೂ ಹೆಚ್ಚುಕಡಮೆ ಅಷ್ಟೇ. ಕಲಬುರಗಿಯಲ್ಲಾದರೋ ಮೇ ತಿಂಗಳ ಸರಾಸರಿಯೇ 40 ಡಿಗ್ರಿಯ ಸುತ್ತ ಇರುತ್ತದೆ.

ಈ ಅಂತರಕ್ಕೆ ಕಾರಣಗಳು ಮೂರು. ಮೊದಲನೆಯದು ಕಡಲು. ನೀರು ಕಾಯುವುದಕ್ಕೆ ನೆಲಕ್ಕಿಂತ ಬಹಳ ಹೆಚ್ಚಿನ ಶಾಖ ಬೇಕು. ಮೇಲಾಗಿ ಅಲೆಗಳ ಕಲಕಾಟದಿಂದ ಆ ಶಾಖ ಆಳಕ್ಕೆ ಹಂಚಿಹೋಗುತ್ತದೆ. ನೆಲದಲ್ಲಿ ಕಾಯುವುದು ಮೇಲಿನ ತೆಳುವಾದ ಪದರ ಮಾತ್ರ. ಆದುದರಿಂದ ಹೊತ್ತೇರಿದಂತೆ ನೆಲ ಬೇಗ ಕಾದು, ಅದರ ಮೇಲಣ ಗಾಳಿ ಮೇಲಕ್ಕೇಳುತ್ತದೆ. ಆ ತೆರಪನ್ನು ತುಂಬಲು ಕಡಲಿನ ತಂಪುಗಾಳಿ ಒಳಕ್ಕೆ ಬೀಸುತ್ತದೆ. ಈ ಕಡಲ ಗಾಳಿ ಮಧ್ಯಾಹ್ನಕ್ಕೆ ಮುಂಚೆ ಬಂದರೆ ಕರಾವಳಿಯ ತಾಪ ಅಲ್ಲಿಗೇ ನಿಲ್ಲುತ್ತದೆ. ಎರಡನೆಯದು ಪಶ್ಚಿಮ ಘಟ್ಟ. ಈ ಗೋಡೆಯಿಂದಾಗಿ ಕಡಲ ಗಾಳಿಯ ಪ್ರಭಾವ ಒಳನಾಡಿನ ಬಯಲನ್ನು ಮುಟ್ಟುವುದಿಲ್ಲ. ಅಲ್ಲಿ ಶುಭ್ರವಾದ ಆಕಾಶ, ಬಿರುಕುಬಿಟ್ಟ ಎರೆಭೂಮಿ, ಆವಿಯಾಗಲು ತೇವವೇ ಇಲ್ಲದ ನೆಲ; ಬಿಸಿಲಿನ ಶಾಖವೆಲ್ಲ ಗಾಳಿಯನ್ನು ಕಾಯಿಸುವುದಕ್ಕೇ ವಿನಿಯೋಗವಾಗುತ್ತದೆ. ಮೂರನೆಯದು ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ. ಇದರೊಡನೆ ಸೂರ್ಯನ ಸಂಚಾರವನ್ನೂ ಗಮನಿಸಬೇಕು. ಬೆಂಗಳೂರು ಮಂಗಳೂರುಗಳ ನೆತ್ತಿಯ ಮೇಲೆ ಸೂರ್ಯನು ಏಪ್ರಿಲ್ ಕೊನೆಯ ವಾರದಲ್ಲಿ ಬಂದರೆ, ಕಲಬುರಗಿಯ ನೆತ್ತಿಗೆ ಬರುವುದು ಮೇ ಎರಡನೆಯ ವಾರದ ಹೊತ್ತಿಗೆ. ದಕ್ಷಿಣದಲ್ಲಿ ಮಳೆಯೂ ಮೊದಲು ತೊಡಗುತ್ತದೆ. ಹೀಗಾಗಿ ಬೆಂಗಳೂರಿಗೆ ಏಪ್ರಿಲ್, ಕಲಬುರಗಿಗೆ ಮೇ ಅತ್ಯಂತ ಬಿಸಿಯಾದ ತಿಂಗಳುಗಳಾಗಿವೆ.

ಇಷ್ಟನ್ನೇ ನೋಡಿದರೆ ಕರಾವಳಿಯ ಬೇಸಗೆ ಸುಖಕರವೆಂದೂ ಒಳನಾಡಿನದು ದುಃಸಹವೆಂದೂ ತೋರಬಹುದು. ಆದರೆ ಉಷ್ಣಮಾಪಕವು ಗಾಳಿಯ ಶಾಖವನ್ನು ಹೇಳುತ್ತದೆಯೇ ಹೊರತು ಮನುಷ್ಯದೇಹದ ಪಾಡನ್ನು ಹೇಳುವುದಿಲ್ಲ. ದೇಹವು ತನ್ನ ಶಾಖವನ್ನು ಹೊರಹಾಕುವ ಮುಖ್ಯ ಸಾಧನ ಬೆವರು. ಬೆವರು ಆವಿಯಾದರೆ ಮಾತ್ರ ತಂಪು. ಕಲಬುರಗಿಯ ಮನೆಯಲ್ಲಿ ಮಣ್ಣಿನ ಹೂಜಿಯ ನೀರು ಸುಡುಬೇಸಗೆಯಲ್ಲಿಯೂ ತಣ್ಣಗಿರುತ್ತದೆ. ಅದೇ ಹೂಜಿಯನ್ನು ಮಂಗಳೂರಿನಲ್ಲಿಟ್ಟರೆ ನೀರು ಅಷ್ಟಾಗಿ ತಣಿಯುವುದಿಲ್ಲ. ಹೂಜಿಗೆ ಅನ್ವಯಿಸುವ ನಿಯಮವೇ ಮೈಗೂ ಅನ್ವಯಿಸುತ್ತದೆ.

ಇದನ್ನು ಅಳೆಯಲು ವಿಜ್ಞಾನಿಗಳು ಉಷ್ಣಮಾಪಕದ ಬುರುಡೆಗೆ ಒದ್ದೆಬಟ್ಟೆಯನ್ನು ಸುತ್ತಿ ನೋಡುತ್ತಾರೆ. ಆಗ ಸಿಗುವ ಅಳತೆಗೆ ಆರ್ದ್ರತಾಪವೆಂದು ಹೆಸರು. ಆವಿಯಾಗುವಿಕೆಯಿಂದ ಎಷ್ಟರ ಮಟ್ಟಿಗೆ ತಣಿಯಬಹುದು ಎಂಬುದರ ಮಿತಿ ಇದು. ಒಳನಾಡಿನ ಒಂದು ಮಧ್ಯಾಹ್ನ ಉಷ್ಣತೆ 42 ಡಿಗ್ರಿ, ಗಾಳಿಯ ತೇವ ನೂರಕ್ಕೆ 20 ಇದೆಯೆಂದಿಟ್ಟುಕೊಂಡರೆ ಆರ್ದ್ರತಾಪ ಸುಮಾರು 24 ಡಿಗ್ರಿಯಾಗುತ್ತದೆ. ಕರಾವಳಿಯಲ್ಲಿ ಉಷ್ಣತೆ 34 ಡಿಗ್ರಿ, ತೇವ ನೂರಕ್ಕೆ 65 ಇದ್ದರೆ ಅದು 28 ಡಿಗ್ರಿಯನ್ನು ಮೀರುತ್ತದೆ. ಉಷ್ಣಮಾಪಕದಲ್ಲಿ ಎಂಟು ಡಿಗ್ರಿ ಕಡಮೆಯಿರುವ ಊರು ಆರ್ದ್ರತಾಪದಲ್ಲಿ ನಾಲ್ಕು ಡಿಗ್ರಿಗೂ ಹೆಚ್ಚು ಮೇಲಿದೆ. ಆರ್ದ್ರತಾಪ 35 ಡಿಗ್ರಿಗೇರಿದರೆ ಆರೋಗ್ಯವಂತನ ದೇಹವೂ ನೆರಳಿನಲ್ಲಿ ಕುಳಿತು ಬಹಳ ಹೊತ್ತು ತಾಳಲಾರದೆಂಬುದು 2010ರಲ್ಲಿ ಪ್ರಕಟವಾದ ಸೈದ್ಧಾಂತಿಕ ಲೆಕ್ಕ. ತರುವಾಯ ನಡೆದ ಪ್ರಯೋಗಗಳು ಈ ಮಿತಿ ಇನ್ನೂ ಕೆಳಗಿದೆಯೆಂದು ತೋರಿಸಿವೆ.

ಹೀಗೆಂದ ಮಾತ್ರಕ್ಕೆ ಒಳನಾಡಿನ ಬಿಸಿಲು ನಿರಪಾಯಕರವೆಂದು ಭಾವಿಸಬಾರದು. ಗಾಳಿಯು ಮೈಯ ಶಾಖವನ್ನು ಮೀರಿದಾಗ ಅದೇ ದೇಹವನ್ನು ಕಾಯಿಸತೊಡಗುತ್ತದೆ. ಬೆವರು ಒಡನೆಯೇ ಆರಿಹೋಗುವುದರಿಂದ ಎಷ್ಟು ನೀರು ನಷ್ಟವಾಯಿತೆಂಬುದು ಮನುಷ್ಯನಿಗೆ ತಿಳಿಯುವುದಿಲ್ಲ. ಅಲ್ಲಿ ಕೊಲ್ಲುವುದು ನೀರಿನ ಕೊರತೆ ಹಾಗೂ ನೇರ ಬಿಸಿಲು. ಕರಾವಳಿಯಲ್ಲಿ ಬಳಲಿಸುವುದು ಆರದ ಬೆವರು ಹಾಗೂ ತಣಿಯದ ಇರುಳು. ಒಳನಾಡಿನಲ್ಲಿ ಹಗಲಿನ ಗರಿಷ್ಠಕ್ಕೂ ಇರುಳಿನ ಕನಿಷ್ಠಕ್ಕೂ ಸುಮಾರು 13-14 ಡಿಗ್ರಿ ಅಂತರವಿದ್ದರೆ ಕರಾವಳಿಯಲ್ಲಿ ಅದು 8-9 ಡಿಗ್ರಿ ಮಾತ್ರ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರಘರದ ಬಯಲಿನಲ್ಲಿ ನಡೆದ ಸಾರ್ವಜನಿಕ ಸಮಾರಂಭದ ತರುವಾಯ ಹತ್ತಕ್ಕೂ ಹೆಚ್ಚು ಮಂದಿ ಬಿಸಿಲಾಘಾತದಿಂದ ತೀರಿಕೊಂಡುದು ಮುಂಬಯಿಯ ವಾಚಕರಿಗೆ ನೆನಪಿರಬಹುದು. ಅಂದು ಆ ಪ್ರದೇಶದ ಗರಿಷ್ಠ ಉಷ್ಣತೆ ಸುಮಾರು 38 ಡಿಗ್ರಿ. ಕಲಬುರಗಿಯಲ್ಲಿ ಅದು ಏಪ್ರಿಲಿನ ಸಾಧಾರಣ ದಿನವೆನಿಸುತ್ತಿತ್ತು.

ಇನ್ನು ಉಷ್ಣ ಅಲೆಯೆಂಬ ಘೋಷಣೆಯ ವಿಷಯ. ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣತೆ ಕನಿಷ್ಠಪಕ್ಷ 40 ಡಿಗ್ರಿ, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಡಿಗ್ರಿಯನ್ನು ಮುಟ್ಟಿರಬೇಕು. ಅದರೊಂದಿಗೆ ಆ ದಿನದ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಹೆಚ್ಚಳ 6.4 ಡಿಗ್ರಿಯನ್ನು ಮೀರಿದರೆ ತೀವ್ರ ಉಷ್ಣ ಅಲೆ. ಬಯಲಿನಲ್ಲಿ 45 ಡಿಗ್ರಿ ಮುಟ್ಟಿದರೆ ವಾಡಿಕೆಯ ಲೆಕ್ಕವಿಲ್ಲದೆಯೇ ಉಷ್ಣ ಅಲೆಯೆಂದು ಪರಿಗಣಿಸಲಾಗುತ್ತದೆ. ಒಂದು ಉಪವಿಭಾಗದ ಎರಡು ಕೇಂದ್ರಗಳಲ್ಲಾದರೂ ಎರಡು ದಿನ ಈ ಸ್ಥಿತಿ ಮುಂದುವರಿಯಬೇಕೆಂಬ ನಿಯಮವೂ ಉಂಟು. ಕರಾವಳಿಗೆ ಬೇರೆ ಮಿತಿಯನ್ನಿಟ್ಟುದು ಯುಕ್ತವೇ ಸರಿ. ಆದರೆ ಈ ನಿಯಮದಲ್ಲಿಯೂ ಅಳೆಯಲ್ಪಡುವುದು ಒಣ ಉಷ್ಣತೆ ಮಾತ್ರ. 34 ಡಿಗ್ರಿಯಲ್ಲಿ ನಿಂತು ವಾರಗಟ್ಟಲೆ ಬಳಲಿಸುವ ಜಿಗುಟು ಸೆಕೆಗೆ ಉಷ್ಣ ಅಲೆಯೆಂಬ ಹೆಸರು ಸಲ್ಲುವುದಿಲ್ಲ. ಬಿಸಿ ರಾತ್ರಿಯ ಘೋಷಣೆಗಾದರೂ ಹಗಲಿನ ಉಷ್ಣತೆ 40 ಡಿಗ್ರಿ ಮುಟ್ಟಿರಬೇಕೆಂದಿರುವುದರಿಂದ, ಇರುಳಿನಿಂದಲೇ ಹೆಚ್ಚು ಬಾಧೆಪಡುವ ಕರಾವಳಿಗೆ ಅದು ಬಹುಮಟ್ಟಿಗೆ ಅನ್ವಯಿಸುವುದೇ ಇಲ್ಲ. ಈ ಕೊರತೆಯನ್ನು ತುಂಬಲು ಇಲಾಖೆಯು ಬಿಸಿ ಮತ್ತು ತೇವದ ಹವೆಯೆಂಬ ಪ್ರತ್ಯೇಕ ಎಚ್ಚರಿಕೆಯನ್ನು ಕೊಡುತ್ತದೆ. 2023ರಿಂದ ತಾಪ ತೇವಗಳೆರಡನ್ನೂ ಕೂಡಿಸಿದ ಉಷ್ಣ ಸೂಚ್ಯಂಕವನ್ನು ಪ್ರಾಯೋಗಿಕವಾಗಿ ಪ್ರಕಟಿಸತೊಡಗಿತು. ಕರಾವಳಿಯವರು ಮೊದಲು ನೋಡಬೇಕಾದುದು ಇವನ್ನೇ.

ಕರಾವಳಿಗೆ ಒಣ ಬಿಸಿಲಿನ ದಿನಗಳೇ ಬರುವುದಿಲ್ಲವೆಂದಲ್ಲ. ಪೂರ್ವದಿಂದ ನೆಲಗಾಳಿ ಬಲವಾಗಿ ಬೀಸಿ ಕಡಲ ಗಾಳಿಯನ್ನು ತಡೆದಾಗ ಅಂಥ ದಿನಗಳು ಒದಗುತ್ತವೆ. ಘಟ್ಟವನ್ನಿಳಿಯುವ ಒಣಗಾಳಿಯು ಕೆಳಗಿನ ಹೆಚ್ಚಿನ ಒತ್ತಡಕ್ಕೆ ಸಿಕ್ಕಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ಕಾಯುತ್ತದೆ. 2025ರ ಫೆಬ್ರುವರಿ ಕೊನೆಯಲ್ಲಿ, ಬೇಸಗೆ ಇನ್ನೂ ತೊಡಗುವ ಮೊದಲೇ, ಕೊಂಕಣ ಹಾಗೂ ಕರ್ನಾಟಕದ ಕರಾವಳಿಗೆ ಉಷ್ಣ ಅಲೆಯ ಎಚ್ಚರಿಕೆಯನ್ನು ಕೊಡಬೇಕಾಯಿತು. 1901ರಿಂದೀಚಿನ ದಾಖಲೆಯಲ್ಲಿ ಭಾರತದ ಅತ್ಯಂತ ಬಿಸಿಯಾದ ಫೆಬ್ರುವರಿ ಅದೇ. ಕಡಲ ಗಾಳಿ ಯಾವ ದಿನ ತಡವಾದೀತೆಂಬುದನ್ನು ಕೆಲವು ದಿನ ಮೊದಲು ಹೇಳಬಹುದು. ಮೂರು ತಿಂಗಳು ಮೊದಲು ಹೇಳಲಾಗದು.

ಹಾಗಾದರೆ ಮೂರು ತಿಂಗಳ ಮುನ್ನೋಟ ಏನನ್ನು ಹೇಳುತ್ತದೆ? ಅದು ದಿನಗಳನ್ನು ಹೇಳುವುದಿಲ್ಲ. ಋತುವಿನ ಸರಾಸರಿ ಯಾವ ಕಡೆ ವಾಲಬಹುದೆಂಬ ಸಂಭವವನ್ನು ಹೇಳುತ್ತದೆ. ಹಿಂದಿನ 30 ಬೇಸಗೆಗಳನ್ನು ಉಷ್ಣತೆಯ ಕ್ರಮದಲ್ಲಿ ಸಾಲಾಗಿಟ್ಟರೆ ತಂಪಾದ ಹತ್ತು, ನಡುವಣ ಹತ್ತು, ಬಿಸಿಯಾದ ಹತ್ತು ಎಂದು ಮೂರು ಪಾಲಾಗುತ್ತವೆ. ಏನೊಂದೂ ತಿಳಿಯದಿರುವಾಗ ಮುಂದಿನ ಬೇಸಗೆಯು ಇವುಗಳಲ್ಲಿ ಯಾವುದೊಂದಕ್ಕಾದರೂ ಸೇರುವ ಸಂಭವ ನೂರಕ್ಕೆ 33. ಮುನ್ನೋಟದ ನಕ್ಷೆಯಲ್ಲಿ ಬಿಸಿಯಾದ ಪಾಲಿಗೆ ನೂರಕ್ಕೆ 55 ಎಂದಿದ್ದರೆ, ಅಂಥ ನೂರು ಮುನ್ನೋಟಗಳಲ್ಲಿ 55ರಷ್ಟು ನಿಜವಾದಾವು, 45ರಷ್ಟು ಆಗಲಾರವು ಎಂದರ್ಥ. ನಕ್ಷೆಯ ಬಣ್ಣ ಗಾಢವಾದಂತೆ ಹೆಚ್ಚುವುದು ಸಂಭವ, ಬಿಸಿಲಿನ ಪ್ರಮಾಣವಲ್ಲ. ಸರಾಸರಿ ಅರ್ಧ ಡಿಗ್ರಿ ಹೆಚ್ಚಿದರೂ ಆ ಬೇಸಗೆ ಬಿಸಿಯಾದ ಪಾಲಿಗೆ ಸೇರಬಹುದು. ಸರಾಸರಿಯೆಂಬುದು ಸ್ಥಳದ ವಿಷಯದಲ್ಲಿಯೂ ಹಲವು ಭೇದಗಳನ್ನು ಮುಚ್ಚುತ್ತದೆ. ಕೊಡಗಿನ ಕಾಡುಮಲೆಯೂ ಚಿತ್ರದುರ್ಗದ ಒಣಬಯಲೂ ಒಂದೇ ಉಪವಿಭಾಗದಲ್ಲಿರುವುದು ಇದಕ್ಕೆ ನಿದರ್ಶನ.

ನಾಳಿದ್ದಿನ ಗುಡುಗುಮಳೆಯನ್ನೇ ಖಚಿತವಾಗಿ ಹೇಳಲಾಗದವರು ಮೂರು ತಿಂಗಳ ಮಾತನ್ನು ಹೇಗೆ ಹೇಳಬಲ್ಲರೆಂಬ ಸಂದೇಹ ಸಹಜ. ವಾಯುಮಂಡಲವು ಬೇಗ ಬದಲಾಗುವ ವಸ್ತು. ಅದರ ಇಂದಿನ ಸ್ಥಿತಿಯ ನೆನಪು ಎರಡು ವಾರಕ್ಕೆ ಬಹುಮಟ್ಟಿಗೆ ಅಳಿದುಹೋಗುತ್ತದೆ. ಕಡಲು ಹಾಗಲ್ಲ. ಅದರ ಶಾಖ ತಿಂಗಳುಗಟ್ಟಲೆ ಉಳಿದು, ಮೇಲಣ ಗಾಳಿಯನ್ನು ಒಂದು ಕಡೆಗೆ ವಾಲಿಸುತ್ತಿರುತ್ತದೆ. ಪೆಸಿಫಿಕ್ ಸಾಗರದ ನಡುಭಾಗ ಹಾಗೂ ಪೂರ್ವಭಾಗಗಳು ಕಾಯುವ ಎಲ್ ನಿನೋ ಇದರ ಪ್ರಸಿದ್ಧ ಉದಾಹರಣೆ. ಈ ಶೋಧದಲ್ಲಿ ಭಾರತಕ್ಕೂ ಪಾಲುಂಟು. 1875ರಲ್ಲಿ ಸ್ಥಾಪಿತವಾದ ಹವಾಮಾನ ಇಲಾಖೆಯು 1886ರಲ್ಲಿಯೇ, ಬ್ಲ್ಯಾನ್‌ಫರ್ಡನ ಕಾಲದಲ್ಲಿ, ಹಿಮಾಲಯದ ಹಿಮವನ್ನಾಧರಿಸಿ ಮಳೆಗಾಲದ ಮುನ್ಸೂಚನೆಯನ್ನು ಕೊಟ್ಟಿತ್ತು. 1904ರಿಂದ 1924ರವರೆಗೆ ಅದರ ಮುಖ್ಯಾಧಿಕಾರಿಯಾಗಿದ್ದ ಗಿಲ್ಬರ್ಟ್ ವಾಕರನು ಪೆಸಿಫಿಕ್ ಹಾಗೂ ಹಿಂದೂ ಮಹಾಸಾಗರಗಳ ಮೇಲಣ ಒತ್ತಡವು ತಕ್ಕಡಿಯ ತಟ್ಟೆಗಳಂತೆ ಏರಿಳಿಯುವುದನ್ನು ಗುರುತಿಸಿ ಅದಕ್ಕೆ ದಕ್ಷಿಣದ ಆಂದೋಲನವೆಂದು ಹೆಸರಿಟ್ಟನು. ಈಗಿನ ಕ್ರಮದಲ್ಲಿ ಕಡಲು ಹಾಗೂ ಗಾಳಿ ಎರಡನ್ನೂ ಜೋಡಿಸಿದ ಗಣಿತ ಮಾದರಿಯನ್ನು, ಆರಂಭದ ಸ್ಥಿತಿಯಲ್ಲಿ ಕಿಂಚಿತ್ ವ್ಯತ್ಯಾಸ ಮಾಡುತ್ತ, ಹಲವು ಬಾರಿ ಗಣಕಯಂತ್ರದಲ್ಲಿ ನಡೆಸಲಾಗುತ್ತದೆ. ಅಷ್ಟು ಫಲಿತಾಂಶಗಳಲ್ಲಿ ಎಷ್ಟು ಬಿಸಿಯಾದ ಕಡೆಗೆ ಬಂದುವೆಂಬುದೇ ಸಂಭವದ ಲೆಕ್ಕಕ್ಕೆ ಆಧಾರ. 2012ರಲ್ಲಿ ತೊಡಗಿದ ಮಾನ್ಸೂನ್ ಮಿಶನ್ ಯೋಜನೆಯಲ್ಲಿ ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯು ಈ ಮಾದರಿಯನ್ನು ರೂಪಿಸುವ ಹೊಣೆಯನ್ನು ಹೊತ್ತಿತು.

ಇತ್ತೀಚಿನ ಎರಡು ಬೇಸಗೆಗಳನ್ನು ಹೋಲಿಸಿದರೆ ಈ ಮಾತು ವಿಶದವಾಗುತ್ತದೆ. 2024ರಲ್ಲಿ ಎಲ್ ನಿನೋ ಪ್ರಭಾವವಿದ್ದಿತು. ಮಧ್ಯಭಾರತ ಹಾಗೂ ದಕ್ಷಿಣ ಪರ್ಯಾಯದ್ವೀಪಗಳಲ್ಲಿ ತಾಪ ವಾಡಿಕೆಯನ್ನು ಮೀರುವುದೆಂದು ಮುನ್ನೋಟ ಹೇಳಿತ್ತು. ಹಾಗೆಯೇ ಆಯಿತು. ಏಪ್ರಿಲಿನ ಮಳೆ ಬೆಂಗಳೂರಿಗೆ ಕೈಕೊಟ್ಟಿತು. ನಗರದ ಉಷ್ಣತೆ 38.5 ಡಿಗ್ರಿಗೇರಿ, 2016ರ ಏಪ್ರಿಲಿನ 39.2 ಡಿಗ್ರಿಯ ದಾಖಲೆಯ ಸಮೀಪಕ್ಕೆ ಬಂದಿತು. 2016ರ ಆ ದಾಖಲೆಯೂ ಎಲ್ ನಿನೋ ಬೆನ್ನಿಗೆ ಬಂದುದೇ. 2025ರಲ್ಲಿಯೂ ದೇಶದ ಬಹುಭಾಗಕ್ಕೆ ಬಿಸಿಯಾದ ಬೇಸಗೆಯನ್ನೇ ಸೂಚಿಸಲಾಗಿತ್ತು. ಆದರೆ ಆ ವರ್ಷದ ಮೇ ತಿಂಗಳಲ್ಲಿ ಸುರಿದ ಮಳೆ 1901ರಿಂದೀಚೆಗೆ ದೇಶದ ಯಾವ ಮೇ ತಿಂಗಳಲ್ಲಿಯೂ ಬಿದ್ದಿರಲಿಲ್ಲ. ಮುಂಗಾರು ಜೂನ್ 1ಕ್ಕೆ ಬದಲು ಮೇ 24ರಂದೇ ಕೇರಳವನ್ನು ಮುಟ್ಟಿತು. ಜೂನ್ 11ರ ವಾಡಿಕೆಯಿರುವ ಮುಂಬಯಿಗೆ ಮೇ 26ರಂದು ಬಂದಿತು. ಇದರಿಂದ ಮೊದಲ ಮುನ್ನೋಟ ಸರಿ, ಎರಡನೆಯದು ಸುಳ್ಳು ಎಂದು ತೀರ್ಮಾನಿಸುವುದು ಅವಸರದ ಮಾತು. ಸಂಭವವನ್ನು ಹೇಳುವ ಮುನ್ನೋಟದ ಯೋಗ್ಯತೆ ತಿಳಿಯುವುದು ಹಲವು ವರ್ಷಗಳ ಲೆಕ್ಕದಿಂದ.

ಬೇಸಗೆಯ ಮಳೆ ಎಂಥ ಮಹತ್ವದ್ದೆಂಬುದನ್ನೂ ಈ ಎರಡು ವರ್ಷಗಳು ತೋರಿಸುತ್ತವೆ. ಮಾರ್ಚಿನಿಂದ ಮೇವರೆಗೆ ಒಳನಾಡಿನ ಮೇಲೆ ಉತ್ತರ ದಕ್ಷಿಣವಾಗಿ ಒಂದು ಕಡಮೆ ಒತ್ತಡದ ಪಟ್ಟಿ ಆಗಾಗ ಮೂಡುತ್ತದೆ. ಅದರ ಎಡಬಲಗಳಲ್ಲಿ ಬೇರೆಬೇರೆ ದಿಕ್ಕಿನ ಗಾಳಿಗಳು ಸಂಧಿಸಿ, ಮಧ್ಯಾಹ್ನದ ಮೇಲೆ ಗುಡುಗು, ಸಿಡಿಲು, ಆನೆಕಲ್ಲುಗಳೊಡನೆ ಮಳೆಯಾಗುತ್ತದೆ. ಕಾಫಿಯ ಹೂ ಅರಳುವುದು ಈ ಮಳೆಯಿಂದ. ಬಯಲುಸೀಮೆಯ ಮೊದಲ ಉಳುಮೆಯಾಗುವುದೂ ಈ ಮಳೆಯಿಂದಲೇ. ಒಂದು ಸಂಜೆಯ ಮಳೆ ಒಳನಾಡಿನ ತಾಪವನ್ನು ಹಲವು ಡಿಗ್ರಿ ಇಳಿಸಬಲ್ಲದು. ಕರಾವಳಿಯಲ್ಲಾದರೋ ಸಣ್ಣ ಮಳೆ ಬಂದುಹೋದ ಬಳಿಕ ಬಿಸಿಲು ಮರಳಿದರೆ ಸೆಕೆ ಹೆಚ್ಚುವುದೂ ಉಂಟು.

ಈ ಮಳೆಗಳ ಲೆಕ್ಕ ಕನ್ನಡ ರೈತನಿಗೆ ಹೊಸದಲ್ಲ. ಏಪ್ರಿಲ್ ನಡುವಿನಲ್ಲಿ ಅಶ್ವಿನಿ, ಕೊನೆಯ ವಾರದಿಂದ ಭರಣಿ, ಮೇ ಎರಡನೆಯ ವಾರದಲ್ಲಿ ಕೃತ್ತಿಕೆ, ಕೊನೆಯ ವಾರದಲ್ಲಿ ರೋಹಿಣಿ, ಹೀಗೆ ಹದಿಮೂರು ಹದಿನಾಲ್ಕು ದಿನಗಳಿಗೊಂದು ಮಳೆಯನ್ನು ಅವನು ಎಣಿಸುತ್ತ ಬಂದಿದ್ದಾನೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ತಲೆಮಾರುಗಳ ಅನುಭವದ ಸರಾಸರಿ. ಯಾವ ಕಾಲಕ್ಕೆ ಸಾಮಾನ್ಯವಾಗಿ ಏನಾಗುತ್ತದೆಂಬುದನ್ನು ಪಂಚಾಂಗ ಹೇಳುತ್ತದೆ. ಈ ವರ್ಷ ಆ ಸಾಮಾನ್ಯದಿಂದ ಯಾವ ಕಡೆಗೆ ಸರಿಯುವ ಸಂಭವ ಹೆಚ್ಚೆಂಬುದನ್ನು ಇಲಾಖೆಯ ಮುನ್ನೋಟ ಹೇಳುತ್ತದೆ. ಎರಡಕ್ಕೂ ವಿರೋಧವಿಲ್ಲ.

ಮುನ್ನೋಟದ ಪ್ರಯೋಜನ ಸಿದ್ಧತೆಯಲ್ಲಿದೆ. ಬಾವಿ ಕೆರೆಗಳ ಹೂಳೆತ್ತುವುದು, ಮೇವಿನ ಸಂಗ್ರಹ, ಆಸ್ಪತ್ರೆಗಳ ಸನ್ನಾಹ, ವಿದ್ಯುತ್ತಿನ ಅಂದಾಜು ಇವಕ್ಕೆ ಮೂರು ತಿಂಗಳ ಮಾತು ಸಾಕು. ಮದುವೆಯ ಮುಹೂರ್ತಕ್ಕೋ ಪ್ರಯಾಣದ ದಿನಕ್ಕೋ ಅದು ಆಧಾರವಾಗಲಾರದು. ಪ್ರತಿ ಗುರುವಾರ ಹೊರಡುವ ನಾಲ್ಕು ವಾರಗಳ ಮುನ್ಸೂಚನೆಯನ್ನೂ, ಹೊರಡುವ ವಾರದಲ್ಲಿ ಜಿಲ್ಲಾವಾರು ಎಚ್ಚರಿಕೆಯ ಹಳದಿ, ಕಿತ್ತಳೆ, ಕೆಂಪು ಬಣ್ಣಗಳನ್ನೂ ಅದಕ್ಕಾಗಿ ನೋಡಬೇಕು.

ಪರಿಹಾರಗಳಲ್ಲಿಯೂ ಎರಡು ಸೀಮೆಗಳ ಭೇದವನ್ನು ಮರೆಯಬಾರದು. ಕಲಬುರಗಿ ವಿಭಾಗದಲ್ಲಿಯೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿಯೂ ಬೇಸಗೆಯ ಎರಡು ತಿಂಗಳು ಸರಕಾರಿ ಕಚೇರಿಗಳನ್ನು ಬೆಳಿಗ್ಗೆ 8 ಗಂಟೆಯಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ರೂಢಿಯಿದೆ. ಹಗಲು ಇರುಳುಗಳ ಅಂತರ ದೊಡ್ಡದಾಗಿರುವಲ್ಲಿ ಇದು ಬಹಳ ಉಚಿತವಾದ ಏರ್ಪಾಡು. ಕರಾವಳಿಯಲ್ಲಿ ನಡುಹಗಲ ಬಿಸಿಲನ್ನು ತಪ್ಪಿಸುವುದು ಅವಶ್ಯವೇ ಆದರೂ, ಆರ್ದ್ರತಾಪವು ದಿನವಿಡೀ ಹೆಚ್ಚು ಇಳಿಯದಿರುವುದರಿಂದ ವೇಳೆಯನ್ನು ಬದಲಿಸಿದ ಮಾತ್ರಕ್ಕೆ ಸಾಲದು. ಗಾಳಿಯಾಡುವ ನೆರಳು, ದುಡಿಮೆಯ ನಡುನಡುವೆ ವಿಶ್ರಾಂತಿ, ಇರುಳಿನಲ್ಲಿ ಗಾಳಿಯ ಅನುಕೂಲ ಬೇಕು. ಹಳೆಯ ಮನೆಗಳು ಈ ಭೇದವನ್ನು ಅರಿತಿದ್ದುವು. ಬಿಸಿಗಾಳಿಯನ್ನು ಹೊರಗಿಡಲು ಒಳನಾಡಿನವರು ದಪ್ಪಗೋಡೆ, ಸಣ್ಣ ಕಿಟಕಿ, ಮಣ್ಣಿನ ಮಾಳಿಗೆಗಳನ್ನು ಕಟ್ಟಿದರು. ಗಾಳಿಯನ್ನು ಒಳಕ್ಕೆ ಬರಮಾಡಲು ಕರಾವಳಿಯವರು ಹೆಂಚಿನ ಇಳಿಮಾಡು, ತೆರೆದ ಜಗಲಿಗಳನ್ನು ಕಟ್ಟಿದರು. ಇಂದು ಎರಡೂ ಕಡೆ ಕಾಂಕ್ರೀಟಿನ ತಾರಸಿ ಬಂದಿದೆ. ಹಗಲೆಲ್ಲ ಹೀರಿದ ಶಾಖವನ್ನು ಅದು ಇರುಳು ಕೋಣೆಯೊಳಗೆ ಬಿಡುತ್ತದೆ. ಅದರ ಕೆಳಗೆ ಒಬ್ಬಂಟಿಯಾಗಿ ಮಲಗುವ ವೃದ್ಧರಿಗೆ ಹೊರಗಿನ ಉಷ್ಣಮಾಪಕದ ಲೆಕ್ಕ ಅನ್ವಯಿಸುವುದಿಲ್ಲ.

ಬಿಸಿಲು ಹೆಚ್ಚೆಂಬ ಸುದ್ದಿಯನ್ನು ಕಂಡಾಗ ವಿಜಯಪುರದ ಮಗನು ತಂದೆಗೆ ದೂರವಾಣಿಯಲ್ಲಿ ಕೇಳಬೇಕಾದುದು, ಮಧ್ಯಾಹ್ನ ಹೊಲಕ್ಕೆ ಹೋಗುತ್ತಿಲ್ಲವಷ್ಟೆ, ನೀರು ಮಜ್ಜಿಗೆ ಕುಡಿಯುತ್ತಿರುವಿರಷ್ಟೆ ಎಂಬುದನ್ನು. ಉಡುಪಿಯ ಮಗಳು ತಾಯಿಗೆ ಕೇಳಬೇಕಾದುದು, ರಾತ್ರಿ ನಿದ್ದೆ ಬರುತ್ತಿದೆಯೇ, ಮಲಗುವ ಕೋಣೆಯಲ್ಲಿ ಗಾಳಿಯಾಡುತ್ತಿದೆಯೇ ಎಂಬುದನ್ನು. ಸುದ್ದಿ ಇಲ್ಲದ ವರ್ಷಗಳಲ್ಲಿಯೂ, ಕರಾವಳಿಯ ಮಟ್ಟಿಗೆ, ಈ ಪ್ರಶ್ನೆಯನ್ನು ಬಿಡಲಾಗದು.